ಗೆರೆಯ ಉದ್ದವೂ ಕಣ್ಣಿನ ಅಳತೆಯೂ

ಮೂಲೆಮಟ್ಟದ ಮನೆಗಳಲ್ಲಿ ಬೆಳೆದವರ ಕಣ್ಣು ಮೋಸಹೋಗುತ್ತದೆ, ಬಯಲಿನಲ್ಲಿ ಬೆಳೆದವರದು ಮೋಸಹೋಗದು ಎಂಬ ಮಾತು ಮನಶ್ಶಾಸ್ತ್ರದ ಗಂಧವಿಲ್ಲದವರ ಬಾಯಲ್ಲಿಯೂ ಈಚೆಗೆ ಸಲೀಸಾಗಿ ಹೊರಡುತ್ತಿರುವುದರಿಂದ, ಮ್ಯೂಲರ್-ಲೈಯರ್ ಭ್ರಮೆಯನ್ನು ಯಾರು ಯಾವ ಬಗೆಯಲ್ಲಿ ಅಳೆದರೆಂಬುದನ್ನು ಮತ್ತೊಮ್ಮೆ ವಿಚಾರಿಸುವುದು ಅವಶ್ಯವಾಗಿದೆ.

1889ರಲ್ಲಿ ಪ್ರಕಟವಾದ ಆ ಆಕೃತಿ ಪರಿಚಿತವೇ: ಸಮಾನವಾದ ಎರಡು ರೇಖೆಗಳಲ್ಲಿ, ತುದಿಯ ರೆಕ್ಕೆಗಳು ಒಳಕ್ಕೆ ಮಡಿದುದು ಗಿಡ್ಡವಾಗಿಯೂ ಹೊರಕ್ಕೆ ಚಾಚಿದುದು ನೀಳವಾಗಿಯೂ ತೋರುತ್ತದೆ. ಕಾರಣವನ್ನು ಕುರಿತು ಬ್ರೆಂಟಾನೊ ಮೊದಲಾದವರು ನಡೆಸಿದ ವಾಗ್ವಾದವನ್ನು ಬದಿಗಿಡೋಣ. ರೆಕ್ಕೆಯ ಕೋನ ಕಿರಿದಾದಷ್ಟೂ ಭ್ರಮೆ ಹಿರಿದಾಗುವುದನ್ನು 1896ರಲ್ಲಿ ಹೇಮನ್ಸ್ ಅಂಕಿಗಳಿಂದ ತೋರಿಸಿದ ಮೇಲೆಯೇ ಈ ವಿಷಯ ಶಾಸ್ತ್ರವಾಯಿತೆನ್ನಬೇಕು.

ಅಳತೆಯ ಮೂಲವಾದರೋ 1860ರ ಫೆಕ್ನರನ ಗ್ರಂಥದಲ್ಲಿದೆ. ಅವನ ಸರಾಸರಿ ದೋಷದ ವಿಧಾನವನ್ನು ಆಶ್ರಯಿಸಿದ ಸರಿಯುವ ಹಲಗೆಯಲ್ಲಿ ಒಂದು ರೇಖೆ ಸ್ಥಿರ, ಇನ್ನೊಂದು ಚಲ. ಎರಡೂ ಸಮವೆಂದು ತೋರುವವರೆಗೆ ನೋಡುಗನು ಚಲರೇಖೆಯನ್ನು ಸರಿಸಬೇಕು, ಹಿಂಬದಿಯ ಮಾಪಕದಲ್ಲಿ ಪ್ರಯೋಗಕಾರನು ವ್ಯತ್ಯಾಸವನ್ನು ಓದಬೇಕು. ಕೇಳುವುದಕ್ಕೆ ಸುಲಭ. ಆದರೆ ಗಿಡ್ಡದಿಂದ ಹಿಗ್ಗಿಸುತ್ತ ಬಂದಾಗ ನಿಲ್ಲುವ ಎಡೆ ಬೇರೆ, ಉದ್ದದಿಂದ ಕುಗ್ಗಿಸುತ್ತ ಬಂದಾಗ ನಿಲ್ಲುವ ಎಡೆ ಬೇರೆ. ಚಲರೇಖೆ ಎಡಕ್ಕಿರುವಾಗಿನ ದೋಷ ಬಲಕ್ಕಿರುವಾಗ ಇರದು. ಈ ನಾಲ್ಕನ್ನೂ ಸಮಸಂಖ್ಯೆಯಲ್ಲಿ ಹೆಣೆಯದವನ ಸರಾಸರಿಯು ಕೈಯ ಅಭ್ಯಾಸವನ್ನು ಅಳೆದೀತೇ ಹೊರತು ಕಣ್ಣನ್ನಲ್ಲ. ಅಷ್ಟೇ ಅಲ್ಲದೆ, ಪ್ರಯೋಗವನ್ನು ಬಹುವಾಗಿ ಆವರ್ತಿಸಿದರೆ ಭ್ರಮೆಯೇ ಕ್ಷಯಿಸುವುದೆಂದು ಜಡ್ 1902ರಲ್ಲಿ ತೋರಿಸಿದರು.

ಈ ಸೂಕ್ಷ್ಮಗಳನ್ನರಿತವರು ರಿವರ್ಸ್. 1898ರ ಟೊರೆಸ್ ಜಲಸಂಧಿಯ ಯಾತ್ರೆಯಲ್ಲಿ ಮರ್ರೇ ದ್ವೀಪದವರಲ್ಲಿಯೂ, ಮುಂದೆ ನಮ್ಮ ನೆರೆಯ ನೀಲಗಿರಿಯ ತೋಡರಲ್ಲಿಯೂ ಅವರು ಕಂಡುದು ಆಂಗ್ಲರಿಗಿಂತ ಕಡಮೆಯ ಭ್ರಮೆಯನ್ನು. ಆದರೆ ಮನೆಯ ಮೂಲೆಗಳನ್ನು ಅವರು ಹೊಣೆಮಾಡಲಿಲ್ಲ, ದ್ವೀಪವಾಸಿಗಳು ಇಡೀ ಆಕೃತಿಯನ್ನು ಬಿಟ್ಟು ಹೋಲಿಸಬೇಕಾದ ರೇಖೆಗಳ ಮೇಲೆಯೇ ಗಮನವಿಟ್ಟಿರಬೇಕೆಂದು ಊಹಿಸಿದರು.

ಮೂಲೆಗಳ ವಾದ ಪ್ರಬಲವಾದದ್ದು 1966ರಲ್ಲಿ, ಸೀಗಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸರ ಗ್ರಂಥದಿಂದ. ಸಾಹಸ ಶ್ಲಾಘ್ಯವೇ, ಆದರೂ ಅಲ್ಲಿ ಸರಿಯುವ ಹಲಗೆಯಿಲ್ಲ, ಅಚ್ಚಾದ ಚಿತ್ರಗಳಲ್ಲಿ ಯಾವ ಗೆರೆ ಉದ್ದವೆಂಬ ಪ್ರಶ್ನೆ ಮಾತ್ರ, ಗೆರೆಗೂ ರೆಕ್ಕೆಗೂ ಬಣ್ಣ ಬೇರೆ, ನಡುವೆ ಕಿರಿದಾದ ತೆರಪು. ರಿವರ್ಸರ ಅಂಕಿಗಳ ಪಕ್ಕದಲ್ಲಿ ಇವನ್ನು ನಿಲ್ಲಿಸಿ ಒಂದೇ ಕೋಷ್ಟಕ ಮಾಡುವವರ ಧೈರ್ಯ ನನಗಿಲ್ಲ. ಅದೇ ದಶಕದಲ್ಲಿ ಗ್ರೆಗೊರಿಯವರು ಮುಂದಿಟ್ಟ, ರೆಕ್ಕೆಗಳನ್ನು ಕಣ್ಣು ದೂರದ ಇಲ್ಲವೆ ಸಮೀಪದ ಮೂಲೆಗಳೆಂದು ಓದುತ್ತದೆಂಬ ವ್ಯಾಖ್ಯಾನ ಪಠ್ಯಪುಸ್ತಕಗಳಿಗೆ ಪ್ರಿಯವಾಯಿತು, ಬಹುಶಃ ಚಿತ್ರ ಬರೆಯುವುದಕ್ಕೆ ಅನುಕೂಲವಾದುದರಿಂದ.

2015ರಲ್ಲಿ ಪವನ್ ಸಿನ್ಹಾ ಅವರ ತಂಡ, ಹುಟ್ಟುಗುರುಡರಾಗಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಭಾರತದ 9 ಮಕ್ಕಳನ್ನು ಪರೀಕ್ಷಿಸಿತು. ನೋಟದ ಅನುಭವವೇ ಇಲ್ಲದ ಅವರೂ ಕೂಡಲೇ ಈ ಭ್ರಮೆಗೆ ಒಳಗಾದರು. ಈ ಫಲಿತಾಂಶಕ್ಕೆ ದೊರೆತ ಪ್ರಚಾರ ಮಾತ್ರ ಮನೆಮೂಲೆಗಳ ಕಥೆಗೆ ದೊರೆತಷ್ಟಲ್ಲ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸರಿಯುವ ಹಲಗೆ ಬಹುಕಾಲದಿಂದ ಆರಂಭದ ಪಾಠ. ಎಡ-ಬಲ, ಹಿಗ್ಗು-ಕುಗ್ಗು ಎಂದು ಬೇರ್ಪಡಿಸಿ ಬರೆದ ಅಂಕಿಗಳು ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ತುಂಬಿರುತ್ತವೆ; ಪರೀಕ್ಷಕರ ಸಹಿ ಬಿದ್ದ ಮೇಲೆ ಆ ಪುಸ್ತಕಗಳು ರದ್ದಿಗೆ ಹೋಗುವುದನ್ನು ಕಂಡಿದ್ದೇನೆ. ತೊಟ್ಟಿಮನೆಯಿಂದ ಬಂದವನೂ ಗುಡಿಸಲಿನಿಂದ ಬಂದವಳೂ ಒಂದೇ ಹಲಗೆಯ ಮುಂದೆ ಕುಳಿತು ಕೊಟ್ಟ ಇಂಥ ಅಂಕಿಗಳನ್ನು ಒಂದೆಡೆ ಕೂಡಿಸಿದ ಗ್ರಂಥ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.