ಮನೆಯಂಗಳದ ಚಪ್ಪರ, ದೇವಾಲಯದ ಬಾಗಿಲು

ಮಗಳ ಮದುವೆಯನ್ನು ಈ ಸಲ ಮನೆಯಲ್ಲೇ ಮಾಡಬೇಕೆಂದು ನೀವು ನಿಶ್ಚಯಿಸಿದ್ದೀರಿ ಎಂದಿಟ್ಟುಕೊಳ್ಳಿ. ಮನೆ ಇರುವುದು ಅಂಜನಾಪುರದಲ್ಲಿ. ಒಂದು ಕಾಲಕ್ಕೆ ಬೆಂಗಳೂರಿನ ದಕ್ಷಿಣಕ್ಕೆ ಹೊಲತೋಟಗಳ ನಡುವೆ ಹಳ್ಳಿಯಾಗಿದ್ದ ಊರು ಇಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೆಟ್ರೊ ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬೆಳೆದ ಮೇಲೆ ಅದು ನಗರದ ಅಂಚು ಎನ್ನುವ ಮಾತೂ ಸವೆಯುತ್ತಿದೆ. ಮೂವತ್ತು ನಲವತ್ತರ ನಿವೇಶನ, ಮುಂದೆ ರಸ್ತೆ, ಮೇಲೆ ತಾರಸಿ. ಚಪ್ಪರವನ್ನು ರಸ್ತೆಗೆ ಹಾಕುವುದೋ ತಾರಸಿಗೆ ಹಾಕುವುದೋ, ಅಡುಗೆಯವರ ಒಲೆಗೆ ಜಾಗವೆಲ್ಲಿ, ನೆರೆಮನೆಯವರ ವಾಹನಗಳನ್ನು ಎಲ್ಲಿ ನಿಲ್ಲಿಸುವುದು ಎಂಬ ಲೆಕ್ಕಾಚಾರ ನಡೆದಿರುವಾಗಲೇ ಮನೆಯ ಹಿರಿಯರೊಬ್ಬರು ಕೇಳುತ್ತಾರೆ: "ಎಲ್ಲ ಮನೆಯಲ್ಲೇ ಎಂದ ಮೇಲೆ ಗುರುಗಳು ಇಲ್ಲಿಗೇ ಬಂದು ಮದುವೆ ಮಾಡಿಸಬಾರದೇ?"

ಪ್ರಶ್ನೆ ಸಹಜವಾದದ್ದು. ನೆರೆಯ ಹಿಂದೂ ಕುಟುಂಬಕ್ಕೆ ಈ ತೊಡಕಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಸಂಪ್ರದಾಯದಂತೆ ವಿಧಿಗಳು ನಡೆಯಬೇಕೆನ್ನುತ್ತದೆಯೇ ಹೊರತು ಇಂಥ ಸ್ಥಳದಲ್ಲೇ ನಡೆಯಬೇಕೆನ್ನುವುದಿಲ್ಲ. ನಾವು ಮಾತ್ರ ಅಂಗಳದಲ್ಲಿ ಚಪ್ಪರ ಹಾಕಿ, ವಧೂವರರನ್ನು ದೇವಾಲಯಕ್ಕೆ ಕರೆದೊಯ್ದು, ಮತ್ತೆ ಚಪ್ಪರಕ್ಕೆ ಕರೆತರುತ್ತೇವೆ. ಈ ಹೋಗಿಬರುವ ದಾರಿಗೆ ಒಂದು ಚರಿತ್ರೆಯಿದೆ, ಮತ್ತು ಅದು ನಾವೆಣಿಸುವಷ್ಟು ಹಳೆಯದಲ್ಲ.

ಪವಿತ್ರ ಗ್ರಂಥದ ಮದುವೆಗಳೆಲ್ಲ ಬಹುಮಟ್ಟಿಗೆ ಮನೆಯ ಮದುವೆಗಳೇ. ತೊಬೀತನ ಗ್ರಂಥವನ್ನು ತೆರೆದು ನೋಡಿ. ರಗುವೇಲನು ಮಗಳು ಸಾರಳ ಕೈಹಿಡಿದು ತೊಬಿಯಾಸನಿಗೆ ಒಪ್ಪಿಸುತ್ತಾನೆ. ಹೆಂಡತಿಯನ್ನು ಕರೆದು ಬರೆಯಲು ಸುರುಳಿ ತರಿಸುತ್ತಾನೆ. ಒಪ್ಪಂದ ಬರೆದಾಗುತ್ತದೆ, ಎಲ್ಲರೂ ಊಟಕ್ಕೆ ಕೂರುತ್ತಾರೆ. ಯಾಜಕನ ಸುದ್ದಿಯೇ ಇಲ್ಲ. ಮರುದಿನ ಹೆಂಡತಿಗೆ ರೊಟ್ಟಿ ಸುಡಲು ಹೇಳಿ, ತಾನೇ ಹಿಂಡಿನ ಬಳಿಗೆ ಹೋಗಿ ಎರಡು ಹೋರಿ, ನಾಲ್ಕು ಟಗರುಗಳನ್ನು ತಂದು ಹದಿನಾಲ್ಕು ದಿನಗಳ ಔತಣಕ್ಕೆ ಸಿದ್ಧಮಾಡಿಸುತ್ತಾನೆ. ಇನ್ನು ಕಾನಾ ಊರಿನ ಮದುವೆ. ಅಲ್ಲಿ ನಡೆದದ್ದು, ನಮ್ಮ ಮಾತಿನಲ್ಲಿ ಹೇಳುವುದಾದರೆ, ಏರ್ಪಾಟಿನ ಲೋಪ. ದ್ರಾಕ್ಷಾರಸದ ಅಂದಾಜು ತಪ್ಪಿತ್ತು. ಅದನ್ನು ಮೊದಲು ಗಮನಿಸಿದವರು ಔತಣದ ಮೇಲ್ವಿಚಾರಕರಲ್ಲ, ಅತಿಥಿಯಾಗಿ ಬಂದಿದ್ದ ಮಾತೆ ಮರಿಯಳು. ಮನೆಮದುವೆಯ ಅಡುಗೆಮನೆಯನ್ನು ಬಲ್ಲ ಯಾವ ಹೆಣ್ಣುಮಗಳಿಗೂ ಇದು ಆಶ್ಚರ್ಯವೆನಿಸದು.

ಧರ್ಮಸಭೆಯ ಮೊದಲ ಶತಮಾನಗಳಲ್ಲಿಯೂ ಇದೇ ರೀತಿ ಮುಂದುವರಿಯಿತು. ವಿಶ್ವಾಸಿಗಳು ಧರ್ಮಾಧ್ಯಕ್ಷರ ಸಮ್ಮತಿ ಪಡೆದು ಮದುವೆಯಾಗುವುದು ಒಳಿತೆಂದು ಅಂತಿಯೋಕ್ಯದ ಸಂತ ಇಗ್ನಾಸಿಯವರು ಎರಡನೆಯ ಶತಮಾನದ ಆರಂಭದಲ್ಲೇ ಬರೆದರು. ಆದರೆ ಮದುವೆ ನಡೆಯುತ್ತಿದ್ದದ್ದು ಆಯಾ ನಾಡಿನ ರೂಢಿಯಂತೆ, ಮನೆಯಲ್ಲಿ. 866ರಲ್ಲಿ ಬಲ್ಗೇರಿಯದವರು ವಿಶ್ವಗುರು ಒಂದನೆಯ ನಿಕೋಲಾಸರಿಗೆ ಹಲವು ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಮದುವೆಯ ವಿಧಿಗಳ ಪ್ರಶ್ನೆಯೂ ಅವುಗಳಲ್ಲೊಂದು. ವಿಶ್ವಗುರುಗಳು ರೋಮಿನ ಪದ್ಧತಿಯನ್ನು, ಅಂದರೆ ನಿಶ್ಚಿತಾರ್ಥ, ಉಂಗುರ, ವಧುದಕ್ಷಿಣೆಯ ಬರಹ, ದೇವಾಲಯದಲ್ಲಿ ಆಶೀರ್ವಾದ, ಕಿರೀಟ ಎಲ್ಲವನ್ನೂ ವಿವರಿಸಿದ ಮೇಲೆ ಒಂದು ಮಾತನ್ನು ಸೇರಿಸಿದರು. ಇವೆಲ್ಲ ನಡೆಯದಿದ್ದರೆ ಪಾಪವೆಂದು ನಾವು ಹೇಳುವುದಿಲ್ಲ, ಬಡತನ ಹಲವರ ಕೈಕಟ್ಟಿಹಾಕುತ್ತದೆ, ಇಬ್ಬರ ಸಮ್ಮತಿಯೊಂದಿದ್ದರೆ ಸಾಕು ಎಂಬುದು ಅದರ ತಾತ್ಪರ್ಯ. ಮದುವೆಯ ಸಾಲದಿಂದ ವರ್ಷಗಟ್ಟಲೆ ಮೇಲೇಳಲಾಗದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆಯೆಂಬುದನ್ನು ಬಲ್ಲವರು ಈ ಒಂದು ಮಾತಿಗಾಗಿ ನಿಕೋಲಾಸರನ್ನು ನೆನೆಯಬೇಕು.

ಹಾಗಾದರೆ ಮದುವೆ ಮನೆಯಿಂದ ದೇವಾಲಯಕ್ಕೆ ಹೊರಟದ್ದೇಕೆ? ಮನೆ ಅಪವಿತ್ರವೆಂದಲ್ಲ. ಮನೆಗೆ ಬಾಗಿಲಿದೆ, ಬಾಗಿಲನ್ನು ಮುಚ್ಚಬಹುದು ಎಂಬ ಕಾರಣಕ್ಕೆ. ಸಮ್ಮತಿಯೊಂದೇ ಸಾಕು ಎಂಬ ಉದಾರ ನಿಯಮವನ್ನು ದುರುಪಯೋಗ ಮಾಡಿಕೊಳ್ಳುವುದು ಬಲು ಸುಲಭವಾಗಿತ್ತು. ಗಂಡೊಬ್ಬ ಹೆಣ್ಣಿಗೆ ಗುಟ್ಟಾಗಿ ಮಾತುಕೊಟ್ಟು, ಕೆಲವು ವರ್ಷಗಳ ಬಳಿಕ ಇನ್ನೊಬ್ಬಳನ್ನು ಎಲ್ಲರೆದುರು ವರಿಸಿದರೆ, ಮೊದಲಿನವಳು ತನ್ನ ಮದುವೆಯನ್ನು ಯಾರ ಮುಂದೆ ಹೇಗೆ ಸಾಧಿಸಬೇಕು? ಸಾಕ್ಷಿಗಳಿಲ್ಲ, ಬರಹವಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಗುಪ್ತವಿವಾಹಗಳನ್ನು ನಿಷೇಧಿಸಿ, ಮದುವೆಯನ್ನು ಮುಂಚಿತವಾಗಿ ದೇವಾಲಯದಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. ನಿಷೇಧವಿದ್ದರೂ ಅಂಥ ಮದುವೆ ಅಸಿಂಧುವಾಗುತ್ತಿರಲಿಲ್ಲ. ಆದ್ದರಿಂದ ಕಷ್ಟ ಹಾಗೆಯೇ ಉಳಿಯಿತು. ಯುರೋಪಿನ ಹಲವೆಡೆ ವಧೂವರರು ದೇವಾಲಯದ ಬಾಗಿಲ ಬಳಿ, ಎಲ್ಲರಿಗೂ ಕಾಣುವಂತೆ ನಿಂತು ಸಮ್ಮತಿ ನುಡಿದು, ಆಮೇಲೆ ಬಲಿಪೂಜೆಗೆ ಒಳಹೋಗುವ ರೂಢಿ ಬೆಳೆಯಿತು. ಮನೆಗೂ ಗರ್ಭಗುಡಿಗೂ ನಡುವಿನ ಆ ಬಾಗಿಲು ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ.

ಕಡೆಗೆ ತೀರ್ಮಾನ ಬಂದದ್ದು 1563ರ ನವೆಂಬರ್ 11ರಂದು, ಟ್ರೆಂಟ್ ಮಹಾಸಭೆಯಲ್ಲಿ. ಧರ್ಮಕೇಂದ್ರದ ಗುರು ಹಾಗೂ ಇಬ್ಬರು ಅಥವಾ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ನಡೆಯದ ಮದುವೆ ಇನ್ನು ಮುಂದೆ ಮದುವೆಯೇ ಅಲ್ಲವೆಂದಾಯಿತು. ಅಲ್ಲಿ ಗಣನೀಯ ಸಂಖ್ಯೆಯ ಧರ್ಮಾಧ್ಯಕ್ಷರು ಇದನ್ನು ವಿರೋಧಿಸಿದ್ದರು. ಫ್ರಾನ್ಸಿನ ಪಕ್ಷದವರಿಗೆ ಬೇರೆಯೇ ಒಂದು ಆಸೆಯಿತ್ತು: ತಂದೆತಾಯಿಯ ಒಪ್ಪಿಗೆಯಿಲ್ಲದ ಮದುವೆಯನ್ನೂ ಅಸಿಂಧುವೆಂದು ಸಾರಬೇಕು. ಮಹಾಸಭೆ ಅದಕ್ಕೆ ಒಪ್ಪಲಿಲ್ಲ. ಹಿರಿಯರ ಮಾತಿಗೆ ಗೌರವವಿರಲಿ, ಆದರೆ ಮದುವೆಯನ್ನು ಮದುವೆಯಾಗಿಸುವುದು ಗಂಡುಹೆಣ್ಣುಗಳ ಸಮ್ಮತಿಯೇ ಎಂದು ಅದು ಪಟ್ಟುಹಿಡಿಯಿತು. ಮನೆಯಲ್ಲಿ ಮದುವೆಯ ಏರ್ಪಾಟಿಗೆ ಕುಳಿತಾಗ ಮಾತನಾಡುವವರು ಅಪ್ಪ, ಚಿಕ್ಕಪ್ಪ, ಸೋದರಮಾವಂದಿರು. ಗುರುಗಳೆದುರು ನಿಂತಾಗ ಕೇಳಬೇಕಾದ ಸ್ವರ ಮಗಳದು. ಟ್ರೆಂಟಿನ ಈ ಶಾಸನ ಅದು ಪ್ರಕಟವಾದ ಕಡೆಗಳಲ್ಲಷ್ಟೇ ಜಾರಿಯಲ್ಲಿತ್ತು. ಲೋಕಕ್ಕೆಲ್ಲ ಬಹುತೇಕ ಒಂದೇ ನಿಯಮ ಬಂದದ್ದು 1908ರ ಪಾಸ್ಖ ಹಬ್ಬದಿಂದೀಚೆಗೆ.

ಈಗ ನಮ್ಮ ನಾಡಿಗೆ ಬರೋಣ. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನಿಗೆ ಬುನಾದಿ ಹಾಕಿದರು. ಮಧುರೆಯಲ್ಲಿ ದೆ ನೊಬಿಲಿಯವರು ತುಳಿದ ದಾರಿಯಲ್ಲೇ ಅವರೂ ಕಾವಿಯುಟ್ಟು, ಇಲ್ಲಿನ ನುಡಿ ಕಲಿತು, ಇಲ್ಲಿನ ಆಚಾರಗಳಲ್ಲಿ ವಿಶ್ವಾಸಕ್ಕೆ ಅಡ್ಡಿಯಾಗದವನ್ನು ಉಳಿಸಿಕೊಂಡರು. ಹೀಗಾಗಿ ಕನ್ನಡ ಕ್ರೈಸ್ತರ ಮದುವೆ ಹೊರನೋಟಕ್ಕೆ ಕನ್ನಡಿಗರ ಮದುವೆಯಾಗಿಯೇ ಉಳಿಯಿತು: ಚಪ್ಪರ, ಅರಿಶಿನ, ವೀಳ್ಯ, ತಾಳಿ.

ಈ ಚಪ್ಪರದ ಸುದ್ದಿ ರೋಮಿನವರೆಗೂ ಹೋಯಿತು. 1703ರ ಕೊನೆಯಲ್ಲಿ ವಿಶ್ವಗುರುಗಳ ಪ್ರತಿನಿಧಿ ಟೂರ್ನಾನ್ ಪುದುಚೇರಿಗೆ ಬಂದಿಳಿದರು. ಚೀನಾದೇಶಕ್ಕೆ ಹೊರಟಿದ್ದ ಅವರು ಕೆಲವು ತಿಂಗಳು ಅಲ್ಲಿದ್ದರು, ಮೈಸೂರನ್ನಾಗಲಿ ಮಧುರೆಯನ್ನಾಗಲಿ ಕಣ್ಣಾರೆ ಕಾಣಲಿಲ್ಲ. ಆದರೂ 1704ರ ಜೂನ್ 23ರ ದಿನಾಂಕದ ಅವರ ಆಜ್ಞೆ ಮಧುರೆ, ಮೈಸೂರು, ಕರ್ನಾಟಿಕ್ ಮಿಶನ್ನುಗಳ ಮದುವೆಮನೆಯನ್ನು ಮೂಲೆಮೂಲೆ ಶೋಧಿಸಿತು. ವಿಘ್ನೇಶ್ವರನ ರೂಪವಿರುವ ತಾಳಿ ಕೂಡದು. ಶಿಲುಬೆಯೋ ಮಾತೆಯ ರೂಪವೋ ಇರುವ ತಾಳಿಯಾಗಬಹುದು. ಅರಿಶಿನ ಹಚ್ಚಿದ ನೂರೆಂಟು ಎಳೆಯ ದಾರ ಕೂಡದು. ಅರಳಿಯ ಕೊಂಬೆ ಕೂಡದು. ತೆಂಗಿನಕಾಯಿ ಒಡೆದು ಶಕುನ ನೋಡುವಂತಿಲ್ಲ. ಎಳೆಯ ಮಕ್ಕಳ ಮದುವೆ ಮಾಡುವಂತಿಲ್ಲ. ಮಿಶನರಿಗಳು ತಳಮಳಗೊಂಡರು. ಆಚಾರಗಳನ್ನು ಬಿಟ್ಟ ಕುಟುಂಬವನ್ನು ನೆಂಟರಿಷ್ಟರೇ ಹೊರಗಿಡುತ್ತಾರೆಂಬ ಅವರ ಅಳುಕು ಸುಳ್ಳಾಗಿರಲಿಲ್ಲ. ನಾಲ್ಕು ದಶಕಗಳ ವಾದವಿವಾದದ ತರುವಾಯ 1744ರಲ್ಲಿ ವಿಶ್ವಗುರು ಹದಿನಾಲ್ಕನೆಯ ಬೆನೆಡಿಕ್ಟರು ಆಜ್ಞೆಯನ್ನು ಬಹುಪಾಲು ಸ್ಥಿರಪಡಿಸಿದರು. ಇಂದು ನಮ್ಮ ಹೆಣ್ಣುಮಕ್ಕಳ ಕೊರಳಲ್ಲಿರುವ ಶಿಲುಬೆಯ ತಾಳಿಯ ಹಿಂದೆ ಈ ಜಗ್ಗಾಟವಿದೆ. ದೇಶಾಚಾರದ ಉತ್ತಮ ವಿವಾಹ ಪದ್ಧತಿಗಳನ್ನು ಉಳಿಸಿಕೊಳ್ಳಿರೆಂದು ಟ್ರೆಂಟ್ ಮಹಾಸಭೆಯೇ ಹೇಳಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಅದನ್ನೇ ಪುನಃ ಹೇಳಿತು.

ಟೂರ್ನಾನರ ಆಜ್ಞೆಯಲ್ಲಿ ಇನ್ನೊಂದು ವಿಧಿಯಿತ್ತು. ತಾಳಿ, ತೆಂಗಿನಕಾಯಿಗಳ ಮಾತಿನಲ್ಲಿ ಅದು ಮರೆತೇಹೋಗುತ್ತದೆ. ಅಸ್ಪೃಶ್ಯರೆನಿಸಿಕೊಂಡ ಕ್ರೈಸ್ತರು ಕಾಯಿಲೆ ಬಿದ್ದಾಗ ಗುರುಗಳು ಅವರ ಮನೆಯೊಳಕ್ಕೇ ಹೋಗಿ ಸಂಸ್ಕಾರಗಳನ್ನು ನೀಡಬೇಕು ಎಂಬ ವಿಧಿ ಅದು. ಹಾಗೆಂದು ಆಜ್ಞೆ ಮಾಡಬೇಕಾಗಿ ಬಂದಿತೆಂದರೆ ಗುರುಗಳು ಹೋಗುತ್ತಿರಲಿಲ್ಲ ಎಂದೇ ಅರ್ಥ. ಮೇಲುಜಾತಿಯವರ ವಿಶ್ವಾಸ ಕಳೆದುಕೊಳ್ಳುವ ಭಯ ಅವರನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. 1744ರಲ್ಲಿ ದೊರೆತ ಪರಿಹಾರವೂ ಅರೆಮನಸ್ಸಿನದು: ಆ ಜನರಿಗಾಗಿಯೇ ಪ್ರತ್ಯೇಕ ಮಿಶನರಿಗಳು. ಮನೆಯ ಮದುವೆಯನ್ನು ಹೊಗಳುವಾಗ ನಾವು ಇದನ್ನು ಪಕ್ಕಕ್ಕಿಡಬಾರದು. ಚಪ್ಪರದ ಕೆಳಗೆ ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ಮನೆಯೇ ತೀರ್ಮಾನಿಸುತ್ತಿತ್ತು, ಯಾರಿಗೆ ಹಿತ್ತಿಲಲ್ಲಿ ಬಡಿಸಬೇಕೆಂಬುದನ್ನೂ. ದೇವಾಲಯಗಳಲ್ಲೂ ಜಾತಿಗೊಂದು ಜಾಗವಿದ್ದ ದಿನಗಳಿದ್ದವು, ನಿಜ. ಆದರೆ ದೇವಾಲಯದ ನೆಲದ ಮೇಲೆ ಅದನ್ನು ಪ್ರಶ್ನಿಸಲು ದಾರಿಯಿತ್ತು. ಯಜಮಾನನ ಮನೆಯ ಪಂಕ್ತಿಯನ್ನು ಪ್ರಶ್ನಿಸುವವರಾರು?

ಇಷ್ಟಾದರೂ ಆ ಚಪ್ಪರ ಕಲಿಸಿದ್ದು ಕಡಿಮೆಯಲ್ಲ. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿ 1823ರಲ್ಲಿ ಸ್ವದೇಶಕ್ಕೆ ಮರಳಿದ ಅಬ್ಬೆ ದ್ಯುಬುವಾರವರು ಇಲ್ಲಿನ ಬ್ರಾಹ್ಮಣರ ಮದುವೆ ಐದು ದಿನ ಮನೆಮುಂದಿನ ಚಪ್ಪರದಲ್ಲಿ ನಡೆಯುತ್ತಿದ್ದುದನ್ನು ವಿವರವಾಗಿ ಬರೆದಿದ್ದಾರೆ. ಅಂಜನಾಪುರದ ಪಕ್ಕದ ಕನಕಪುರ ರಸ್ತೆಯನ್ನೇ ಹಿಡಿದು ದಕ್ಷಿಣಕ್ಕೆ ನಡೆದರೆ ಹಾರೋಬೆಲೆಯಂಥ ಹಳೆಯ ಕನ್ನಡ ಕ್ರೈಸ್ತ ಹಳ್ಳಿಗಳ ಸೀಮೆ ಸಿಗುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ, ಯಾವ ಧರ್ಮದವರದೇ ಆಗಿರಲಿ, ಮದುವೆ ಎಂದರೆ ಊರಿನ ಕೆಲಸ. ಕಂಬ ಕಡಿಯುವವರು, ಸೋಗೆ ಹೊದಿಸುವವರು, ಅಕ್ಕಿ ಆರಿಸುವವರು, ಹಪ್ಪಳ ಸಂಡಿಗೆ ಇಡುವವರು ಕೂಲಿಗೆ ಬರುತ್ತಿರಲಿಲ್ಲ. ಮುಯ್ಯಿ ಪುಸ್ತಕವನ್ನು ಹಿರಿಯರು ಮರೆತಿರಲಾರರು. ಯಾರು ಎಷ್ಟು ಹಣ, ಎಷ್ಟು ಅಕ್ಕಿ ಕೊಟ್ಟರೆಂದು ಬರೆದಿಟ್ಟು ಅವರ ಮನೆಯ ಮದುವೆಗೆ ಹಿಂದಿರುಗಿಸುವ ಏರ್ಪಾಟು ಅದು. ಬಡ್ಡಿಯಿಲ್ಲದ ಬ್ಯಾಂಕು ಎಂದರೂ ಸಲ್ಲುತ್ತದೆ. ಕಲ್ಯಾಣಮಂಟಪಕ್ಕೆ ಮುಂಗಡ ಕೊಡುವ ಕಾಲ ಬಂದಾಗ ಕೈಕೆಲಸ ಹೋಯಿತು, ಹಣ ಉಳಿಯಿತು, ಸಾಲ ಬೆಳೆಯಿತು.

ಇದನ್ನು ಕಂಡು ಎಚ್ಚರಿಸಿದವರು ನಮ್ಮಲ್ಲಿದ್ದಾರೆ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮೂಡಿಗೆರೆ ಕಡೆಯ ಅವರ ತೋಟದ ಮನೆಯಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ನೆರವೇರಿಸಿದರು. ಮಂತ್ರ ಮಾಂಗಲ್ಯ ಹುಟ್ಟಿದ್ದು ಹಾಗೆ. ಅವರ ದಾರಿ ನಮ್ಮದಲ್ಲದಿರಬಹುದು. ವಧೂವರರ ಸ್ವಂತ ಸಮ್ಮತಿಗೂ ಸರಳತೆಗೂ ಅವರು ಕೊಟ್ಟ ಪ್ರಾಶಸ್ತ್ಯ ನಿಕೋಲಾಸರ ಪತ್ರಕ್ಕೆ ದೂರದ್ದೇನಲ್ಲ. 2020ರಲ್ಲಿ ಕೊರೊನಾ ಬಂದು ಮದುವೆಗೆ ಐವತ್ತೇ ಜನವೆಂಬ ಮಿತಿ ವಿಧಿಸಿದಾಗ, ಆ ಸರಳತೆಯನ್ನು ಬೇಕಿರಲಿ ಬೇಡದಿರಲಿ ಎಲ್ಲರೂ ಅಭ್ಯಾಸ ಮಾಡಬೇಕಾಯಿತು.

ಮೊದಲಿನ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡೋಣ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಮದುವೆ ಬೆಳಗಿನ ಆರರಿಂದ ಸಂಜೆಯ ಏಳರೊಳಗೆ ನಡೆಯಬೇಕೆನ್ನುತ್ತದೆ. ಧರ್ಮಾಧ್ಯಕ್ಷರ ಪರವಾನಗಿ ಇದ್ದರೆ ವಿನಾಯಿತಿಯುಂಟು. ಆಂಗ್ಲಿಕನ್ ಗುರುಗಳಿಗೆ ಅದರಲ್ಲಿ ಇನ್ನೊಂದು ನಿಯಮವಿದೆ: ಐದು ಮೈಲಿಯೊಳಗೆ ತಮ್ಮ ದೇವಾಲಯವಿದ್ದರೆ ವಿಶೇಷ ಪರವಾನಗಿಯಿಲ್ಲದೆ ಬೇರೆಡೆ ಮದುವೆ ಮಾಡಿಸುವಂತಿಲ್ಲ. ಹಗಲಿನ ಬೆಳಕು, ತೆರೆದ ಬಾಗಿಲು ಎಂಬ ಹಳೆಯ ಕಾಳಜಿಯೇ ಇಲ್ಲಿ ಗಂಟೆಗಳಲ್ಲೂ ಮೈಲಿಗಳಲ್ಲೂ ಮಾತನಾಡುತ್ತಿದೆ. ಕಥೋಲಿಕರಿಗೆ 1983ರ ಧರ್ಮಸಭೆಯ ಕಾನೂನು ಸಂಹಿತೆ 1118ನೆಯ ವಿಧಿಯಲ್ಲಿ ಮದುವೆ ಧರ್ಮಕೇಂದ್ರದ ದೇವಾಲಯದಲ್ಲೇ ನಡೆಯಬೇಕೆಂದು ಹೇಳಿ, ತಕ್ಕ ಬೇರೊಂದು ಸ್ಥಳಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಬಿಟ್ಟಿದೆ. ಹಾಸಿಗೆ ಹಿಡಿದ ತಾಯಿಯ ಕಣ್ಣೆದುರು ಮದುವೆಯಾಗಬೇಕೆಂಬಂಥ ಕಾರಣವಿದ್ದರೆ ಕೇಳಿನೋಡಬಹುದು. ಮಿಕ್ಕವರು ಬೆಳಿಗ್ಗೆ ದೇವಾಲಯದಲ್ಲಿ ಸಮ್ಮತಿ ನುಡಿದು ಮಧ್ಯಾಹ್ನ ಚಪ್ಪರಕ್ಕೆ ಬರಲು ಯಾವ ಅನುಮತಿಯೂ ಬೇಡ. ರಸ್ತೆಯಲ್ಲಿ ಚಪ್ಪರ ಹಾಕುವುದಾದರೆ ಪೊಲೀಸರ ಮತ್ತು ನಗರ ಪಾಲಿಕೆಯ ಅಪ್ಪಣೆ, ನೆರೆಮನೆಯವರ ಸೈರಣೆ ಬೇಕು.

ಎಲ್ಲಿ ನಡೆದರೂ ಅದನ್ನು ಧರ್ಮಕೇಂದ್ರದ ವಿವಾಹ ಪುಸ್ತಕದಲ್ಲಿ ಬರೆಯಲೇಬೇಕು. ಆ ಪುಸ್ತಕವನ್ನು ಇಡಿರೆಂದು ವಿಧಿಸಿದ್ದೂ 1563ರ ಆ ಶಾಸನವೇ. ವಧೂವರರ ಹೆಸರು, ದಿನ, ಸ್ಥಳ, ಜೊತೆಗೆ ಇಬ್ಬರು ಸಾಕ್ಷಿಗಳ ಹೆಸರು. ಅಡುಗೆಯವರಿಗೆ ಮುಂಗಡ ಕೊಡುವ ಮೊದಲೇ ಆ ಇಬ್ಬರು ಯಾರೆಂದು ಮಗಳನ್ನು ಕೇಳಿನೋಡಿ.