ಬತ್ತೇರಿಯ ಬಸದಿ



ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಮೂಲೆಹೊಳೆ, ಮುತ್ತಂಗ ದಾಟಿ ಬಂದರೆ ವಯನಾಡಿನಲ್ಲಿ ಸಿಗುವ ಮೊದಲ ದೊಡ್ಡ ಪೇಟೆ ಸುಲ್ತಾನ್ ಬತ್ತೇರಿ. ಕನ್ನಡ ಬಲ್ಲ ನಿಮಗೆ ಆ ಹೆಸರು ಕೇಳಿದೊಡನೆ ಕೋಟೆ ನೆನಪಾಗುತ್ತದೆ. ಬತೇರಿ ಎಂದರೆ ನಮ್ಮಲ್ಲಿ ಕೊತ್ತಳ, ಕಾವಲಿನವರು ನಿಲ್ಲುವ ಬುರುಜು. ಹಾಗಾದರೆ ಆ ಬುರುಜು ಎಲ್ಲಿ? ಪೇಟೆಯಲ್ಲಿ ಇಳಿದು ವಿಚಾರಿಸಿ ನೋಡಿ. ಜನ ನಿಮಗೆ ತೋರಿಸುವುದು ಒಂದು ಹಳೆಯ ಕಲ್ಲಿನ ಬಸದಿಯನ್ನು!

ಮಂಗಳೂರಿನ ಬೋಳೂರಿನಲ್ಲಿಯೂ ಒಂದು ಸುಲ್ತಾನ್ ಬತ್ತೇರಿ ಇದೆ. ಅದು ನಿಜವಾದ ಕಾವಲು ಗೋಪುರ. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ಬಾರದಿರಲೆಂದು ಟಿಪ್ಪು ಸುಲ್ತಾನ 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ್ದು. ಮೇಲೆ ತೋಪಿನ ಕಂಡಿಗಳು, ಕೆಳಗೆ ಮದ್ದಿನ ಕೋಣೆ. ವಯನಾಡಿನ ಬತ್ತೇರಿಯ ಕಥೆ ಹಾಗಲ್ಲ. ಇಲ್ಲಿ ಕಟ್ಟಿದವರು ಬೇರೆ, ಹೆಸರು ಕೊಟ್ಟವರು ಬೇರೆ.

ಬಸದಿ 13ನೇ ಶತಮಾನದ ಆಸುಪಾಸಿನದೆಂದು ಹೇಳುತ್ತಾರೆ. ಮುಖಮಂಟಪ, ಮಹಾಮಂಟಪ, ಅಂತರಾಳ, ಗರ್ಭಗುಡಿ ಎಲ್ಲವೂ ಕಣಶಿಲೆಯವು. ಮಾಡು ಕೂಡ ಕಲ್ಲಿನದೇ. ಮರ ಮತ್ತು ಹೆಂಚಿನ ದೇವಾಲಯಗಳನ್ನೇ ಕಂಡ ಮಲಬಾರಿನವರಿಗೆ ಇದು ಹೊರಗಿನ ಕೈಕೆಲಸವೆಂದು ತಕ್ಷಣ ತಿಳಿಯುತ್ತದೆ. ಕಟ್ಟಿದವರು ಘಟ್ಟದ ಮೇಲಿನ ಕನ್ನಡ ನಾಡಿನಿಂದ ಬಂದ ಜೈನರು. ಅವರು ಹನ್ನೆರಡು ಬೀದಿಗಳಲ್ಲಿ ನೆಲೆಸಿದರಂತೆ. ಅದರಿಂದಲೇ ಊರಿಗೆ ‘ಹನ್ನೆರಡು ಬೀದಿ’ ಎಂಬ ಹೆಸರು. ಅಚ್ಚ ಕನ್ನಡ, ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪನಮರಂ ಬಳಿಯ ಪುತ್ತಂಗಡಿಯಲ್ಲಿ ಪಾಳುಬಿದ್ದ ಎರಡು ಕಲ್ಲಿನ ಕಟ್ಟಡಗಳಿವೆ. ಅವಕ್ಕೂ ಜನ ವಿಷ್ಣುಗುಡಿ, ಜನಾರ್ದನಗುಡಿ ಎನ್ನುತ್ತಾರೆ, ಅಂಬಲ ಎನ್ನುವುದಿಲ್ಲ!

1766ರಲ್ಲಿ ಹೈದರಾಲಿ ಮಲಬಾರಿಗೆ ದಂಡೆತ್ತಿ ಬಂದ. ಅಲ್ಲಿಂದ ಮುಂದೆ ಮೈಸೂರಿಗೂ ಕಡಲಿಗೂ ನಡುವಿನ ಈ ದಾರಿಯ ಬೆಲೆ ಹೆಚ್ಚಿತು. ಟಿಪ್ಪುವಿನ ಕಾಲಕ್ಕೆ ಬಸದಿ ಮದ್ದುಗುಂಡಿನ ಉಗ್ರಾಣವಾಯಿತು. ಯಾಕೆಂದು ಊಹಿಸುವುದು ಕಷ್ಟವಲ್ಲ. ವಯನಾಡಿನ ಮಳೆಯಲ್ಲಿ ಮದ್ದು ಒಣಗಿರಬೇಕು, ಬೆಂಕಿಯೂ ತಗಲಬಾರದು. ಹುಲ್ಲಿನ ಮಾಡುಗಳ ನಡುವೆ ಕಲ್ಲಿನ ಮಾಡು ಇದ್ದದ್ದು ಇಲ್ಲಿ. ಇಂಗ್ಲಿಷರು ಇದನ್ನು ‘ಸುಲ್ತಾನನ ಬ್ಯಾಟರಿ’ ಎಂದರು, ಅಂದರೆ ತೋಪಿನ ಠಾಣೆ. ಬಾಯಿಂದ ಬಾಯಿಗೆ ಅದೇ ಬತ್ತೇರಿಯಾಯಿತು. 1792ರ ಒಪ್ಪಂದದಲ್ಲಿ ಮಲಬಾರು ಕಂಪನಿಯ ಪಾಲಾದರೂ ವಯನಾಡು ಯಾರದೆಂಬ ತಕರಾರು ಮುಗಿಯಲಿಲ್ಲ. ಅದು ಟಿಪ್ಪುವಿನದೇ ಎಂದು 1798ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಸುಲ್ತಾನ ಹೋದ, ಹೆಸರು ಉಳಿಯಿತು.

ಊರಿಗೆ ಗಣಪತಿವಟ್ಟಂ ಎಂಬ ಇನ್ನೊಂದು ಹಳೆಯ ಹೆಸರೂ ಇದೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಆ ಹೆಸರನ್ನೇ ಮತ್ತೆ ಇಡಬೇಕೆಂಬ ಮಾತೆದ್ದು ಪರ ವಿರೋಧದ ಚರ್ಚೆ ಜೋರಾಯಿತು. ಸುಲ್ತಾನನೋ ಗಣಪತಿಯೋ ಎಂಬ ಆ ಗದ್ದಲದಲ್ಲಿ ಹನ್ನೆರಡು ಬೀದಿಯನ್ನು ನೆನೆದವರು ಕಡಿಮೆ. ಮೂರೂ ಹೆಸರು ಊರಿನವೇ. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕೆಂದು ನನಗಂತೂ ಅನ್ನಿಸುವುದಿಲ್ಲ. ಹೆಸರು ಯಾವುದೇ ಇರಲಿ, ದಾರಿಗೆ ಮಾತ್ರ ಇಂದಿಗೂ ಕಾವಲುಂಟು: ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆ. ಈಗಿನ ಕಾವಲು ಆನೆ, ಜಿಂಕೆಗಳ ಸಲುವಾಗಿ.

ಬಸದಿ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ, ಪೂಜೆಯಿಲ್ಲ. ಮುಂದಿನ ಸಲ ಸಂತೆಗೋ ಆಸ್ಪತ್ರೆಗೋ ಬತ್ತೇರಿಗೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಳಗೆ ಹೋಗಿ. ಬಾಗಿಲವಾಡದ ಮೇಲ್ಭಾಗವನ್ನು ತಲೆಯೆತ್ತಿ ನೋಡಿ. ಮದ್ದಿನ ಚೀಲಗಳು ಬಂದು ಹೋದ ಆ ಬಾಗಿಲಿನ ಮೇಲೆ ತೀರ್ಥಂಕರರು ಪದ್ಮಾಸನ ಹಾಕಿ ಇನ್ನೂ ಕುಳಿತಿದ್ದಾರೆ.