ಅಕ್ಷರದ ಬೀಗ ತೆರೆದವರು

ಕರ್ನಾಟಕದ ನಕಾಶೆಯಲ್ಲಿ ನೆತ್ತಿಯ ಮೇಲಿರುವ ತಾಲ್ಲೂಕು ನಮ್ಮ ಔರಾದ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹೀಗಾಗಿ ಇಲ್ಲಿನ ಹಳೆಯ ಮನೆಗಳ ಪೆಟ್ಟಿಗೆ ತೆರೆದರೆ ಉರ್ದುವಿನ ಜಮೀನು ಕಾಗದ, ಕನ್ನಡದ ಪಹಣಿ, ಮರಾಠಿಯ ಲಗ್ನಪತ್ರಿಕೆ ಒಂದೇ ಗಂಟಿನಲ್ಲಿ ಸಿಗುವುದುಂಟು. ಕಾಗದದ ಮೇಲೆ ಈ ಲಿಪಿಗಳಿಗೆ ಜಗಳವಿರಲಿಲ್ಲ.

ಕಂಪ್ಯೂಟರ್ ಬಂದಮೇಲೆ ಅವು ಬೇರೆ ಬೇರೆ ಕೋಣೆ ಸೇರಿ ಬಾಗಿಲು ಹಾಕಿಕೊಂಡವು. ಡಿಟಿಪಿ ಅಂಗಡಿಯಲ್ಲಿ ಕನ್ನಡಕ್ಕೆ ನುಡಿ ಅಥವಾ ಬರಹ, ಉರ್ದುವಿಗೆ ಇನ್‌ಪೇಜ್, ಮರಾಠಿಗೆ ಪುಣೆಯ ಶ್ರೀಲಿಪಿ. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಒಯ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕೆಲವು ತಂತ್ರಾಂಶಗಳಿಗೆ ಡಾಂಗಲ್ ಎಂಬ ಪುಟ್ಟ ಬಿರಡೆ ಬೇರೆ. ಅದನ್ನು ಕಂಪ್ಯೂಟರಿನ ಹಿಂಭಾಗಕ್ಕೆ ಚುಚ್ಚದಿದ್ದರೆ ಅಕ್ಷರವೇ ಇಲ್ಲ. ಕನ್ನಡ, ಉರ್ದು ಎರಡನ್ನೂ ಕಲಿತು ಎರಡರಲ್ಲೂ ಬರೆಯುವ ನನ್ನಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಮಾತು ನಮ್ಮದು, ಲಿಪಿ ನಮ್ಮದು, ಕೀಲಿಕೈ ಮಾತ್ರ ಇನ್ನೊಬ್ಬರ ಜೇಬಿನಲ್ಲಿ.

ಈ ಬೀಗ ಯಾರ ದುರುದ್ದೇಶದಿಂದಲೂ ಬಿದ್ದದ್ದಲ್ಲ. ಉರ್ದುವಿನ ನಸ್ತಾಲೀಖ್ ಬರವಣಿಗೆ ಅಚ್ಚಿನ ಮೊಳೆಗೆ ಎಂದೂ ಸರಿಯಾಗಿ ಒಗ್ಗಿರಲಿಲ್ಲ. ಪದ ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಜಾರುತ್ತದೆ, ಅಕ್ಷರ ತನ್ನ ನೆರೆಯವನನ್ನು ನೋಡಿ ರೂಪ ಬದಲಿಸುತ್ತದೆ. ಅದಕ್ಕೇ ಉರ್ದು ಪತ್ರಿಕೆಗಳನ್ನು ದಶಕಗಳ ಕಾಲ ಕಾತಿಬರು ಕೈಯಲ್ಲಿ ಬರೆದರು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಾಲೀಖ್ ಬಂತು. ಸುಮಾರು 20,000 ಅಕ್ಷರಗುಚ್ಛಗಳನ್ನು ಬರೆದು ಮೊನೊಟೈಪ್ ಕಂಪನಿಯ ಯಂತ್ರಕ್ಕೆ ಉಣಿಸಿದರು. ಲಾಹೋರಿನ ಜಂಗ್ ಪತ್ರಿಕೆ ಅದರಲ್ಲಿ ಅಚ್ಚಾಯಿತು. ಅದು ದೊಡ್ಡ ಪತ್ರಿಕೆಗಳಿಗೆ ಮಾತ್ರ ಎಟಕುವ ಯಂತ್ರ. ಸಾಮಾನ್ಯ ಕಂಪ್ಯೂಟರಿಗೆ ಅದೇ ಅಕ್ಷರ ಇಳಿದದ್ದು 1994ರಲ್ಲಿ, ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆಯ ಇನ್‌ಪೇಜ್ ಮೂಲಕ. ಉರ್ದು ಪ್ರಕಾಶನಕ್ಕೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಇನ್‌ಪೇಜಿನ ಕಡತವನ್ನು ಆ ಕಾಲದ ಬೇರೆ ಸಾಮಾನ್ಯ ತಂತ್ರಾಂಶಗಳು ಓದುತ್ತಿರಲಿಲ್ಲ.

ಕನ್ನಡದ ಕಥೆಯೂ ಹೆಚ್ಚು ಕಡಿಮೆ ಇದೇ. ಕೆ.ಪಿ. ರಾವ್ ಅವರು ಉಚ್ಚಾರಣೆಯ ಕ್ರಮವನ್ನೇ ಅನುಸರಿಸುವ ಕೀಲಿಮಣೆ ರೂಪಿಸಿದರು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಪೂರ್ತಿ ಕೂರುತ್ತದೆ. ನಡುವೆ ಎಫ್ ಕೀಲಿ ಒತ್ತಿದರೆ ಒತ್ತಕ್ಷರ. ಮುಂದೆ ರಾಜ್ಯ ಸರ್ಕಾರ ಇದನ್ನೇ ಅಧಿಕೃತಗೊಳಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ. ಎರಡೂ ಪುಕ್ಕಟೆ ಸಿಕ್ಕಿದ್ದರಿಂದಲೇ ಕನ್ನಡ ಹಳ್ಳಿಯ ಕಂಪ್ಯೂಟರಿಗೂ ಬಂತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕತೆ ಕಾದಂಬರಿಗಳ ನಡುವೆಯೇ ಕನ್ನಡ ತಂತ್ರಾಂಶಕ್ಕಾಗಿ ಹೋರಾಡಿದರು ಎಂಬುದನ್ನು ಇಲ್ಲೇ ನೆನೆಯಬೇಕು. ಆದರೆ ಒಳಗಿನ ಉಪಾಯ ಹಳೆಯದೇ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿ ಕಣ್ಣಿಗೆ ಕನ್ನಡ ತೋರಿಸುವುದು. ಯಂತ್ರಕ್ಕೆ ಅದು ಕನ್ನಡವೆಂದು ಗೊತ್ತೇ ಇರಲಿಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ತಬ್ಬಿಬ್ಬಾಗುತ್ತಿತ್ತು.

ಪುಕ್ಕಟೆ ಎಂಬ ಮಾತು ಬಂತು. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ 'ಫ್ರೀ' ಎಂಬ ಒಂದೇ ಪದ. ನಮಗೆ ಆ ಬಡತನವಿಲ್ಲ. ಮುಫ್ತ್ ಬೇರೆ, ಆಜಾದ್ ಬೇರೆ. ನುಡಿ, ಬರಹ ಮುಫ್ತ್ ಆಗಿದ್ದವು, ಆಜಾದ್ ಆಗಿರಲಿಲ್ಲ. ಅವುಗಳ ಮೂಲಸಂಕೇತವನ್ನು ಹೊರಗಿನವರು ಓದಿ ತಿದ್ದುವಂತಿರಲಿಲ್ಲ.

ಈ ವ್ಯತ್ಯಾಸವನ್ನು ಜಗತ್ತಿಗೆ ಒತ್ತಿ ಹೇಳಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ತಮಾಷೆಯೆಂದರೆ ಆ ಚಳವಳಿಯ ಬೀಜ ಬಿದ್ದದ್ದು ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಕಾಗದ ಸಿಕ್ಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಪ್ರಿಂಟರಿಗೆ ಮಾಡಿದಂತೆ ಇದಕ್ಕೂ ತಾವೇ ತಿದ್ದುಪಡಿ ಮಾಡಿಕೊಳ್ಳೋಣವೆಂದು ಸ್ಟಾಲ್‌ಮನ್ ಮೂಲಸಂಕೇತ ಕೇಳಿದರೆ, ಅದು ಇದ್ದ ವ್ಯಕ್ತಿ 'ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇನೆ' ಎಂದುಬಿಟ್ಟರು. 1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ತಿರುಳನ್ನು ಬರೆದ. ಮರುವರ್ಷ ಅದಕ್ಕೂ ಗ್ನೂ ಪರವಾನಗಿಯೇ ಬಂತು: ನೋಡಿ, ತಿದ್ದಿ, ಹಂಚಿ, ತಿದ್ದಿದ್ದನ್ನು ಹಂಚುವಾಗ ಬಚ್ಚಿಡಬೇಡಿ.

ಅದೇ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯೂ ಬಂತು. ಭಾರತದ ಇಸ್ಕಿ ಮಾನಕವನ್ನು ಆಧರಿಸಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರಲ್ಲಿ ಒಂದು ಸಂಖ್ಯೆ ಸಿಕ್ಕಿತು, ಉರ್ದುವಿಗೂ ಸಿಕ್ಕಿತು. ಸಂಖ್ಯೆ ಸಿಕ್ಕಮಾತ್ರಕ್ಕೆ ರೂಪ ಬರುವುದಿಲ್ಲ. 'ಸ್ತ್ರೀ' ಎಂಬುದು ಯಂತ್ರದ ಒಳಗೆ ಆರು ಸಂಖ್ಯೆಗಳ ಸಾಲು. ಅದನ್ನು ಒಂದರ ಕೆಳಗೊಂದು ಕೂರಿಸಿ ಒಂದೇ ಅಕ್ಷರ ಮಾಡುವವರು ಬೇಕು. 'ಸೂರ್ಯ' ಎನ್ನುವಾಗ ಮೊದಲು ನುಡಿಯುವ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ನಿಲ್ಲಬೇಕು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನ ಜೊತೆ ಈ ಕೆಲಸವನ್ನು ತನ್ನೊಳಗೆ ಮಾಡಿತು. ಅದರ ಪಾಲನ್ನು ಅಲ್ಲಗಳೆಯುವಂತಿಲ್ಲ. ಲಿನಕ್ಸಿನಲ್ಲಿ ಅದೇ ಕೆಲಸ ಬಯಲಲ್ಲಿ ನಡೆಯಿತು. ಪ್ಯಾಂಗೊ ಮುಂತಾದ ತಂತ್ರಾಂಶಗಳಲ್ಲಿ ಹುಟ್ಟಿದ ಸಂಕೇತವನ್ನು ಹೊಸದಾಗಿ ಬರೆದು ನಿಲ್ಲಿಸಿದವರು ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಬೆಹದಾದ್ ಇಸ್ಫಹ್‌ಬೋದ್. ಅದರ ಹೆಸರು ಹರ್ಫ್‌ಬಜ್. ಉರ್ದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ಫಾರ್ಸಿಯಲ್ಲಿ ತೆರೆದ. 'ಓಪನ್‌ಟೈಪ್' ಎಂಬ ಫಾಂಟ್ ಮಾನಕದ ಹೆಸರನ್ನು ಅವರು ಫಾರ್ಸಿಗೆ ತಂದು ಇಟ್ಟ ಹೆಸರು ಅದು.

ಇವತ್ತು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲದರೊಳಗೂ ಹರ್ಫ್‌ಬಜ್ ಇದೆ. ಔರಾದಿನ ರೈತನ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರ ನೆಟ್ಟಗೆ ನಿಂತಿದ್ದರೆ ಅದರ ಹಿಂದೆ ಒಂದು ಫಾರ್ಸಿ ಹೆಸರಿನ ಯಂತ್ರವಿದೆ. ಬಹಮನಿ ದರ್ಬಾರಿನ ಫಾರ್ಸಿ ಕೇಳಿದ ಬೀದರಿಗೆ ಇದರಲ್ಲಿ ಆಶ್ಚರ್ಯವೇನಿದೆ!

ಆ ಯಂತ್ರಕ್ಕೆ ಉಣಿಸಲು ಅಕ್ಷರರೂಪ ಬೇಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೇದಗೆ, ಮಲ್ಲಿಗೆ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಹೊರಬಂದವು, ಮುಂದೆ ನವಿಲು, ಗುಬ್ಬಿ. ಉರ್ದುವಿಗೆ 2014ರಲ್ಲಿ ನೋಟೊ ನಸ್ತಾಲೀಖ್, 2017ರಲ್ಲಿ ಅವಾಮಿ ನಸ್ತಾಲೀಖ್. 2000ದ ದಶಕದಲ್ಲಿ ಸ್ವಯಂಸೇವಕರು ಲಿನಕ್ಸಿನ ಗ್ನೋಮ್, ಕೆಡಿಇ ಪರದೆಗಳನ್ನು ಕನ್ನಡಕ್ಕೆ ತಂದರು. 'ಫೈಲ್' ಜಾಗದಲ್ಲಿ ಅವರು ಇಟ್ಟದ್ದು 'ಕಡತ'. ಬಟ್ಟೆಗೆ ಇದ್ದಿಲು, ಹುಣಸೆಬೀಜದ ಸರಿ ಬಳಿದು, ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ವಸ್ತುವಿನ ಹೆಸರು ಅದು. ಕತೆಗಾರನಾಗಿ ನನಗೆ ಈ ಪದ ಬಲು ಇಷ್ಟ, ಅಂಗಡಿಯ ಹುಡುಗರು 'ಫೈಲು' ಎಂದೇ ಅನ್ನಲಿ.

ತಂತ್ರಾಂಶ ಬಯಲಿಗೆ ಬಂತು, ಯಂತ್ರ? ಆ ಪ್ರಶ್ನೆಯನ್ನೂ ನಮ್ಮ ರಾಜ್ಯದಲ್ಲೇ ಕೆಲವರು ಕೇಳಿದ್ದರು. 1999ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದ ಅಧ್ಯಾಪಕರೂ ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲಿನಲ್ಲಿ ಮಾದರಿ ತೋರಿಸಿದರು. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, ಬೆರಳು ತಾಗಿಸುವ ಪರದೆ, ಮೂರು ಸಣ್ಣ ಸೆಲ್ಲುಗಳಲ್ಲಿ ಓಟ. ಓದು ಬಾರದವರಿಗಾಗಿ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು. ಎಲ್ಲರೂ ಕೊಳ್ಳಬೇಕಿಲ್ಲ, ಊರಿಗೊಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡ್. ಎಲ್ಲಕ್ಕಿಂತ ಮಿಗಿಲಾದದ್ದೆಂದರೆ ಯಂತ್ರದ ನಕ್ಷೆಗೇ ಗ್ನೂ ಮಾದರಿಯ ಒಂದು ಪರವಾನಗಿ ಬರೆದದ್ದು. ನಕ್ಷೆ ನೋಡಿ ಕಲಿಯಬಹುದು, ಶುಲ್ಕ ಕಟ್ಟಿ ತಯಾರಿಸಬಹುದು, ಸುಧಾರಿಸಿದವರು ಕೆಲಕಾಲದ ಬಳಿಕ ಅದನ್ನು ಟ್ರಸ್ಟಿಗೆ ಮರಳಿಸಬೇಕು. ಯಂತ್ರಾಂಶಕ್ಕೆ ಇಂಥ ಆಲೋಚನೆ ಜಗತ್ತಿನಲ್ಲೇ ಆಗ ಅಪರೂಪ.

ಆಮೇಲೆ? ಗುರಿ 9,000 ರೂಪಾಯಿ ಬೆಲೆ. 2004ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. 50,000 ಮಾರುವ ಆಸೆ ಇತ್ತು, ಮೊದಲ ವರ್ಷದಲ್ಲಿ ಹೋದದ್ದು ಸುಮಾರು 4,000. ಅದರಲ್ಲೂ ಹಳ್ಳಿಗೆ ತಲುಪಿದ್ದು ಹತ್ತರಲ್ಲೊಂದು. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಬಳಸಿ ನೋಡಿತು, ದೊಡ್ಡ ಖರೀದಿ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು. ಸಿಂಪ್ಯೂಟರ್ ಸೋತಿತು ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಗೈಯ ಲಿನಕ್ಸ್ ಎಂಬ ಅದರ ಕಲ್ಪನೆ 2008ರಲ್ಲಿ ಆಂಡ್ರಾಯ್ಡ್ ಆಗಿ ಬೇರೆಯವರ ಕೈಯಿಂದ ಬಂತು. ಆದರೆ ಮೇಲೆ ಮತ್ತೆ ಬೀಗ ಹಾಕಿಕೊಂಡು ಬಂತು. ಇಂದಿನ ಹೆಚ್ಚಿನ ಫೋನುಗಳಲ್ಲಿ ಒಳಗಿನ ವ್ಯವಸ್ಥೆಯನ್ನು ಮಾಲೀಕ ಸುಲಭವಾಗಿ ಬದಲಿಸುವಂತಿಲ್ಲ. ಯಂತ್ರವನ್ನು ಬಯಲಲ್ಲಿ ಕಟ್ಟುವ ಆಸೆ ಮಾತ್ರ ಸತ್ತಿಲ್ಲ: 2010ರಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾವಳಿಯ ಮೇಲೆ ಮದ್ರಾಸ್ ಐಐಟಿಯವರು 'ಶಕ್ತಿ' ಪ್ರೊಸೆಸರ್ ಕಟ್ಟಿದ್ದಾರೆ.

ಇದೆಲ್ಲ ಸಣ್ಣ ಊರಿಗೆ ಏನು ಸಂಬಂಧ ಎಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ತಾಲ್ಲೂಕಿನ ಅಂಗಡಿಗಳಲ್ಲಿ, ಶಾಲೆಗಳಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡು ದುಡಿಸುವ ಎಷ್ಟೋ ಯಂತ್ರಗಳು ಆ ಗೆರೆಯ ಆಚೆ ಉಳಿಯುತ್ತವೆ. ಅವು ಕೆಟ್ಟಿಲ್ಲ, ಕೆಟ್ಟವೆಂದು ಹೊರಗಿನಿಂದ ತೀರ್ಮಾನವಾಗಿದೆ, ಅಷ್ಟೆ. 4 ಜಿಬಿ ಮೆಮೊರಿ ಇದ್ದು, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿ, ಡೆಬಿಯನ್ ಅಥವಾ ಲುಬುಂಟು ಕೂರಿಸಿದರೆ ಪತ್ರ ಬರೆಯಲು, ಅರ್ಜಿ ತುಂಬಲು ಧಾರಾಳ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಮಾತ್ರ ಈ ದಾರಿಯೂ ಕಿರಿದಾಗಿದೆ. 2025ರ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲ್ ಡಿಸ್ಕ್ ಕೊಡುವುದಿಲ್ಲ.

ಮತ್ತೆ ಪ್ರಿಂಟರ್. ಲಿನಕ್ಸ್ ಹಾಕಿಸಿಕೊಂಡ ಅಂಗಡಿಯವರ ಮೊದಲ ದೂರು ಇವತ್ತಿಗೂ ಅದೇ. ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಪ್ರಿಂಟರುಗಳು ತಕರಾರಿಲ್ಲದೆ ನಡೆಯುತ್ತವೆ. ಅಗ್ಗದ ಎಷ್ಟೋ ಮಾದರಿಗಳು ಕಂಪನಿಯ ಗುಟ್ಟಿನ ಭಾಷೆಯನ್ನಷ್ಟೇ ಬಲ್ಲವು. ನಲವತ್ತು ವರ್ಷ ದಾಟಿದರೂ ಸ್ಟಾಲ್‌ಮನ್ನರ ಪ್ರಿಂಟರಿನ ಕಾಗದ ಇನ್ನೂ ಸಿಕ್ಕಿಕೊಂಡೇ ಇದೆ. ಕೊಳ್ಳುವ ಮುನ್ನ ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಬಾಕಿ ಕೆಲಸ ಇನ್ನೂ ಇದೆ. ತೊಂಬತ್ತರ ದಶಕದಿಂದ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕನ್ನಡ, ಉರ್ದು ಪುಸ್ತಕಗಳ ಕಡತಗಳು ಸಿಡಿಗಳಲ್ಲಿ ಕೂತಿವೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಉತ್ಸಾಹಿಗಳು ಬರೆದು ಮೂಲಸಂಕೇತ ಸಮೇತ ಬಿಟ್ಟಿದ್ದಾರೆ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕಣ್ಣಿಟ್ಟು ತಿದ್ದಬೇಕು. ಸಿಡಿಗೂ ಆಯುಷ್ಯವಿದೆ. ಉರ್ದು ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೂ ನಸ್ಖ್ ರೂಪದಲ್ಲೇ ಕಾಣುತ್ತದೆ, ನಸ್ತಾಲೀಖಿನ ಇಳಿಜಾರು ಅಲ್ಲಿಗೆ ಪೂರ್ತಿ ಬಂದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಬಂದಿದೆ: ಲಿಬ್ರೆಆಫೀಸಿನ ಒಂದೇ ಹಾಳೆಯಲ್ಲಿ ಎಡಕ್ಕೆ ನವಿಲಿನ ಕನ್ನಡ, ಬಲಕ್ಕೆ ನೋಟೊ ನಸ್ತಾಲೀಖಿನ ಉರ್ದು, ಕೆಳಗೆ ಮರಾಠಿ ಇಟ್ಟು ಲಗ್ನಪತ್ರಿಕೆ ಜೋಡಿಸಬಹುದು.